ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆ

2019ರ ಜೂನ್. ಶಾಲೆ ಶುರುವಾಗಿ ಎರಡು ವಾರ ಆಗಿತ್ತು. ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬೋರ್ಡಿನ ಮೇಲೆ ಗೆರೆ ಎಳೆಯಲು ನನಗೆ ಯಾವತ್ತೂ ಸ್ಕೇಲ್ ಬೇಕಾಗಿರಲಿಲ್ಲ. ಅವತ್ತು ಎಳೆದ ಗೆರೆ ಅಲೆ ಅಲೆಯಾಗಿ ಬಂತು. ಅಳಿಸಿ ಮತ್ತೆ ಎಳೆದೆ. ಮತ್ತೆ ಹಾಗೇ. ಚಾಕ್‌ಪೀಸ್ ಹಿಡಿದ ಕೈ ನಡುಗುತ್ತಿತ್ತು, ಎದೆ ಢವ ಢವ ಅನ್ನುತ್ತಿತ್ತು. ಮುಂದಿನ ಬೆಂಚಿನ ಹುಡುಗಿ "ಮಿಸ್, ಹುಷಾರಿಲ್ವಾ?" ಅಂತ ಕೇಳಿದಳು. ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ಅದಕ್ಕೂ ಮುಂಚೆ ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಫ್ಯಾನ್ ಕೆಳಗೆ ಕೂತರೂ ಬೆವರು. ಮಕ್ಕಳ ಮೇಲೆ ಸುಮ್ ಸುಮ್ನೆ ರೇಗುತ್ತಿದ್ದೆ. ಇದೆಲ್ಲ ನಾನು ಎರಡು ವರ್ಷದಿಂದ ತಗೊಳ್ಳುತ್ತಿದ್ದ ಥೈರಾಯ್ಡ್ ಮಾತ್ರೆಯ ಸೈಡ್ ಎಫೆಕ್ಟ್ ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ರಕ್ತದ ಟೆಸ್ಟ್ ಮಾಡಿಸಿದರೆ, ಥೈರಾಯ್ಡ್ ಹೇಗಿದೆ ಅಂತ ನೋಡಲು ಅಳೆಯುವ ಟಿಎಸ್‌ಎಚ್ 0.06 ಅಂತ ಬಂತು. ಪಕ್ಕದಲ್ಲಿ ಕಡಿಮೆ ಎಂಬ ಗುರುತು. ಕಡಿಮೆ ಆಗಿದೆ ಅಂದರೆ ಕಾಯಿಲೆ ಕಡಿಮೆ ಆಗಿದೆ ಅಂದುಕೊಂಡೆ. ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ.

ನಾನು ಮಾಡಿದ ದೊಡ್ಡ ತಪ್ಪು ಇದು. ಲೆಕ್ಕ ಇಲ್ಲಿ ತಲೆಕೆಳಗು. ಟಿಎಸ್‌ಎಚ್ ಬರುವುದು ಥೈರಾಯ್ಡ್‌ನಿಂದ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ಅದು "ಇನ್ನೂ ಮಾಡು, ಇನ್ನೂ ಮಾಡು" ಅಂತ ಥೈರಾಯ್ಡ್‌ಗೆ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಹಾರ್ಮೋನ್ ಜಾಸ್ತಿ ಆದಾಗ ಸುಮ್ಮನಾಗುತ್ತದೆ, ಟಿಎಸ್‌ಎಚ್ ಇಳಿಯುತ್ತದೆ. 0.06 ಅಂದರೆ ನನ್ನ ಮೈಗೆ ಮಾತ್ರೆ ಅತಿಯಾಗಿತ್ತು. ಡೋಸ್ ಇಳಿಸಬೇಕಿತ್ತು, ಪೂರ್ತಿ ನಿಲ್ಲಿಸುವುದಲ್ಲ.

ನಿಲ್ಲಿಸಿದ ಮೊದಲ ಎರಡು ವಾರ ಹಾಯ್ ಅನಿಸಿತು. ಕೈ ನಡುಕ ಹೋಯಿತು, ನಿದ್ದೆ ಬಂತು. ನಾನು ಮಾಡಿದ್ದೇ ಸರಿ ಅಂತ ಧೈರ್ಯ ಬಂತು. ಈ ಔಷಧಿ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ನಿಲ್ಲಿಸಿದ್ದರ ಪೆಟ್ಟು ಕೂಡಲೇ ಗೊತ್ತಾಗುವುದಿಲ್ಲ. ಆರನೇ ವಾರದ ಹೊತ್ತಿಗೆ ಗೊತ್ತಾಯಿತು. ಮಲೆನಾಡಿನ ಕಡೆಯ ಮಳೆ ನಮ್ಮೂರಿಗೂ ಹಿಡಿದಿತ್ತು, ಎಲ್ಲರಿಗೂ ಒಂದು ಸ್ವೆಟರ್ ಸಾಕಾದರೆ ನನಗೆ ಮೇಲೊಂದು ಶಾಲು ಬೇಕು. ಮಲಬದ್ಧತೆ. ದನಿ ಗೊಗ್ಗರಾಯಿತು. ಸ್ಟಾಫ್ ರೂಮಿನಲ್ಲಿ ಕೂತಲ್ಲೇ ತೂಕಡಿಕೆ. ಟಿಎಸ್‌ಎಚ್ 34.

ಆಗ ಹೊಸ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ರಿಪೋರ್ಟ್ ನೋಡಲೇ ಇಲ್ಲ. "ಬೆಳಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ ಮೇಡಂ" ಅಂದರು. ಹೇಳಿದೆ. ಐದೂವರೆಗೆ ಏಳುತ್ತೇನೆ, ಮುಖ ತೊಳೆದ ಕೂಡಲೇ ಅತ್ತೆ ಕಾಫಿ ಕೊಡುತ್ತಾರೆ, ಆ ಕಾಫಿಯ ಜೊತೆಗೇ ಮಾತ್ರೆ ನುಂಗುತ್ತಿದ್ದೆ. ತಿಂಡಿ ಆದಮೇಲೆ ಕ್ಯಾಲ್ಸಿಯಂ ಮಾತ್ರೆ, ಐರನ್ ಮಾತ್ರೆ. "ಆ ಎರಡೂ ಈಗಲೂ ಇವೆಯಾ?" ಅಂದರು. ಇಲ್ಲ, ಮಾರ್ಚ್‌ನಲ್ಲಿ ನಿಲ್ಲಿಸಿದೆ ಅಂದೆ. "ನಡುಕ ಶುರುವಾಗಿದ್ದು ಯಾವಾಗ?" ಮೇ ತಿಂಗಳಲ್ಲಿ. ಅಷ್ಟು ಹೇಳುವಾಗಲೇ ನನಗೂ ಅರ್ಥವಾಯಿತು.

ಎರಡನೇ ಮಗು ಆದಮೇಲೆ, 2017ರಲ್ಲಿ, ನನಗೆ ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಹಾರ್ಮೋನ್ ಸಾಲದ ತೊಂದರೆ, ಅಂತ ಗೊತ್ತಾಗಿತ್ತು. ನಮ್ಮ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ಬೀಳುವ ಹಶಿಮೊಟೊ ಎಂಬ ಬಗೆ. 50 ಮೈಕ್ರೋಗ್ರಾಂನಿಂದ ಶುರು ಮಾಡಿದ್ದರು. ಟಿಎಸ್‌ಎಚ್ ಇಳಿಯಲಿಲ್ಲ, 75 ಆಯಿತು. ಆಮೇಲೆ 100, ಆಮೇಲೆ 125. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಅಂಶ ಮಾತ್ರೆಯಲ್ಲಿರುವ ಹಾರ್ಮೋನನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕಾಫಿಯೂ ಅಡ್ಡಿ ಮಾಡುತ್ತದೆ. ಎರಡು ವರ್ಷ ನಾನು ನುಂಗಿದ್ದರಲ್ಲಿ ಮೈಗೆ ಸೇರಿದ್ದು ಎಷ್ಟೋ. ಸೇರದ್ದಕ್ಕೆ ಡೋಸ್ ಏರುತ್ತಲೇ ಹೋಯಿತು. ಕ್ಯಾಲ್ಸಿಯಂ, ಐರನ್ ನಿಂತ ಮೇಲೆ 125 ಚೆನ್ನಾಗಿ ಹತ್ತತೊಡಗಿತು. ಎದೆ ಬಡಿದುಕೊಂಡಿದ್ದು ಅದಕ್ಕೇ.

ಔಷಧಿಯ ಹೆಸರು ಲೆವೊಥೈರಾಕ್ಸಿನ್. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಅಂತ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ನಮ್ಮ ಥೈರಾಯ್ಡ್ ಮಾಡಬೇಕಾದ ಟಿ4 ಹಾರ್ಮೋನೇ ಇದು, ಹೊರಗಿನ ವಸ್ತು ಅಲ್ಲ. ಪ್ರಮಾಣ ಸರಿ ಇದ್ದರೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ನಾವು ಸೈಡ್ ಎಫೆಕ್ಟ್ ಅನ್ನುವ ನಡುಕ, ಬೆವರು, ಎದೆಬಡಿತ, ನಿದ್ದೆಗೇಡು ಹೆಚ್ಚಿನ ಸಲ ಡೋಸ್ ಜಾಸ್ತಿ ಆಗಿರುವುದರ ಗುರುತು. ಹಾಗಂತ ಸಹಿಸಿಕೊಂಡು ಕೂರುವಂಥದ್ದಲ್ಲ. ಬಹಳ ದಿನ ಹಾಗೇ ಬಿಟ್ಟರೆ ಹೃದಯದ ಬಡಿತದ ತಾಳ ತಪ್ಪಬಹುದು, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ. ತೂಕ ಇಳಿಸಲು ಅಂತ ಥೈರಾಯ್ಡ್ ತೊಂದರೆ ಇಲ್ಲದವರು ಈ ಮಾತ್ರೆ ನುಂಗುವುದನ್ನು ಕೇಳಿದ್ದೇನೆ. ದಯವಿಟ್ಟು ಬೇಡ.

ಡಾಕ್ಟರ್ ನನ್ನ ತೂಕ ನೋಡಿದರು, 57 ಕೆಜಿ. ಥೈರಾಯ್ಡ್ ಹೆಚ್ಚು ಕಡಿಮೆ ಪೂರ್ತಿ ಕೈಕೊಟ್ಟ ವಯಸ್ಕರಿಗೆ ಕೆಜಿಗೆ ಸುಮಾರು 1.6 ಮೈಕ್ರೋಗ್ರಾಂ ಲೆಕ್ಕ ಅಂದರು. 88 ಬರೆದುಕೊಟ್ಟರು. ಇದು ನನ್ನ ಲೆಕ್ಕ ಅಷ್ಟೇ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ನಿಧಾನವಾಗಿ ಏರಿಸುತ್ತಾರೆ.

ಇನ್ನು ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟೇ ಕಾಫಿ ಕುಡಿಯಬೇಕಿತ್ತು. ಕಷ್ಟ ಬಂದದ್ದು ಮನೆಯಲ್ಲಿ. ನಮ್ಮಲ್ಲಿ ಬೆಳಗಿನ ಕಾಫಿ ಅಂದರೆ ಬರೀ ಕಾಫಿ ಅಲ್ಲ. ಅತ್ತೆ ರಾತ್ರಿಯೇ ಫಿಲ್ಟರ್‌ಗೆ ಪುಡಿ ಹಾಕಿಟ್ಟಿರುತ್ತಾರೆ. ಐದೂವರೆಗೆ ಲೋಟ ಕೈಗೆ ಕೊಟ್ಟು, ಎದುರಿಗೆ ಕೂತು ಮಾತಾಡುತ್ತಾರೆ. ಇಡೀ ದಿನದಲ್ಲಿ ನಮ್ಮಿಬ್ಬರಿಗೆ ಸಿಗುವ ಹೊತ್ತು ಅದೊಂದೇ. ಮೊದಲ ವಾರ "ಬಾಮ್ಮ, ಕಾಫಿ ಆರೋಗುತ್ತೆ" ಅಂತ ದಿನಾ ಕರೆದರು. ನಾನು ಇಲ್ಲ ಅನ್ನುವುದು ಅವರಿಗೆ ಬೇಜಾರಾಗಿತ್ತು. ಒಂದು ಭಾನುವಾರ ಕೂರಿಸಿಕೊಂಡು ಎಲ್ಲ ಹೇಳಿದೆ. "ಇಷ್ಟು ದಿನ ಕಾಫಿ ಕೊಟ್ಟು ನಾನೇ ಕೆಡಿಸಿದೆನಾ?" ಅಂತ ಕಣ್ಣು ತುಂಬಿಕೊಂಡರು. ಹಾಗಲ್ಲ ಅತ್ತೆ, ನನಗೇ ಗೊತ್ತಿರಲಿಲ್ಲ ಅಂದೆ. ಮಾರನೇ ದಿನದಿಂದ ಅವರೂ ಕಾಫಿಯನ್ನು ಮುಂದಕ್ಕೆ ಹಾಕಿದರು. ವರಮಹಾಲಕ್ಷ್ಮಿ ಹಬ್ಬದ ದಿನ ಪೂಜೆ ಆಗುವವರೆಗೆ ನಾವು ಬಾಯಿಗೆ ಏನೂ ಹಾಕುವುದಿಲ್ಲ. ಮಾತ್ರೆ ಏನು ಮಾಡಲಿ ಅಂತ ಕೇಳಿದ್ದಕ್ಕೆ ಅವರೇ "ಔಷಧಿಗೆ ಎಂಥ ಮಡಿ, ತಗೋ" ಅಂದು ನೀರು ತಂದುಕೊಟ್ಟರು.

ಈಗ ಹೀಗೆ ಮಾಡುತ್ತೇನೆ. ಮಾತ್ರೆ ಡಬ್ಬಿ, ಮುಚ್ಚಿದ ನೀರಿನ ಲೋಟ ಮಂಚದ ಪಕ್ಕ ಇರುತ್ತವೆ. ಐದು ಗಂಟೆಗೆ ಅಲಾರಂ, ಮಾತ್ರೆ, ಒಂದು ಲೋಟ ನೀರು. ಆರು ಗಂಟೆಗೆ ಕಾಫಿ. ಕ್ಯಾಲ್ಸಿಯಂ ಈಗ ಮತ್ತೆ ಶುರುವಾಗಿದೆ, ಅದು ರಾತ್ರಿ ಊಟದ ಜೊತೆ. ಐರನ್ ಬೇಕಾದಾಗ ಮಧ್ಯಾಹ್ನದ ಮೇಲೆ. ಅವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಗ್ಯಾಸ್ಟ್ರಿಕ್‌ಗೆ ಅಂತ ದಿನಾ ಮಾತ್ರೆ ತಗೊಳ್ಳುವವರು ಅದನ್ನೂ ಡಾಕ್ಟರಿಗೆ ಹೇಳಬೇಕು, ಅವೂ ಹೀರಿಕೆ ಕಡಿಮೆ ಮಾಡುತ್ತವೆ. ಬೆಳಗ್ಗೆ ಆಗುವುದೇ ಇಲ್ಲ ಅನ್ನುವವರು ರಾತ್ರಿ ಊಟ ಆಗಿ ಮೂರು ಗಂಟೆ ಬಿಟ್ಟು ತಗೊಳ್ಳಬಹುದು. ನನ್ನ ಸಹೋದ್ಯೋಗಿ ಒಬ್ಬರು ಹಾಗೇ ಮಾಡುತ್ತಾರೆ. ಯಾವ ಹೊತ್ತು ಆರಿಸಿದರೂ ದಿನಾ ಅದೇ ಇರಲಿ. ಎಂದಾದರೂ ಮರೆತರೆ ಗಾಬರಿ ಬೇಡ. ಮೊದಲೇ ಹೇಳಿದ ಹಾಗೆ ಔಷಧಿ ಮೈಯಲ್ಲಿ ನಿಧಾನವಾಗಿ ಕರಗುತ್ತದೆ.

ಡಬ್ಬಿಯನ್ನು ಅಡುಗೆಮನೆಯಲ್ಲಿ, ಒಲೆ ಹತ್ತಿರದ ಶೆಲ್ಫಿನಲ್ಲಿ ಇಡುತ್ತಿದ್ದೆ. ಅದೂ ತಪ್ಪು. ಬಿಸಿ, ತೇವ, ಬೆಳಕು ಮೂರೂ ಈ ಮಾತ್ರೆಗೆ ಆಗುವುದಿಲ್ಲ. ಹೊಸ ಡಬ್ಬಿ ತೆರೆದ ದಿನ ಮುಚ್ಚಳದ ಮೇಲೆ ತಾರೀಖು ಬರೆಯುತ್ತೇನೆ, ಅಂಗಡಿಯಲ್ಲೇ ಡೋಸ್ ಓದುತ್ತೇನೆ. ಒಂದು ಸಲ ನಮ್ಮ ಅಮ್ಮನಿಗೆ 12.5 ಬರೆದಿದ್ದರೆ ಔಷಧಿ ಅಂಗಡಿಯಿಂದ 125 ಬಂದಿತ್ತು. ಅಮ್ಮನಿಗೆ 68 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಒಂದು ಚುಕ್ಕಿ ತಪ್ಪಿದರೆ ಹತ್ತು ಪಟ್ಟು. ಅವತ್ತು ಡಬ್ಬಿ ಕೈಗೆತ್ತಿಕೊಂಡು ಓದಿದ್ದಕ್ಕೆ ಈಗಲೂ ದೇವರಿಗೆ ಕೈಮುಗಿಯುತ್ತೇನೆ.

ಡೋಸ್ ಬದಲಾದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟೆಸ್ಟ್. ಅದಕ್ಕೂ ಮುಂಚೆ ಮಾಡಿಸಿದರೆ ಸರಿಯಾದ ಚಿತ್ರ ಸಿಗುವುದಿಲ್ಲ. ಒಂದೇ ಲ್ಯಾಬ್, ಬೆಳಗ್ಗೆ ಒಂದೇ ಹೊತ್ತು, ಅವತ್ತಿನ ಮಾತ್ರೆ ರಕ್ತ ಕೊಟ್ಟ ಮೇಲೆ. 88 ಶುರು ಮಾಡಿ ಎಂಟು ವಾರಕ್ಕೆ ನನ್ನದು 3.4 ಬಂತು. ಆಮೇಲೆ 2.6. ಮೈ ಸರಿಹೋಗಲು ಮಾತ್ರ ಅದಕ್ಕಿಂತ ಜಾಸ್ತಿ ಸಮಯ ಹಿಡಿಯಿತು.

ಕೂದಲಿನ ವಿಷಯ ಹೇಳಲೇಬೇಕು. ಮೊದಲ ಮೂರು ತಿಂಗಳು ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಶುರುವಿನಲ್ಲಿ ಹೀಗಾಗುವುದುಂಟು, ನಿಲ್ಲುತ್ತದೆ ಅಂತ ಡಾಕ್ಟರ್ ಹೇಳಿದ್ದರೂ ಮನಸ್ಸು ತಡೆಯಲಿಲ್ಲ. ಯಾರೋ ಹೇಳಿದರು ಅಂತ ಕೂದಲಿಗೆ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಗೊಂಡೆ. ಮುಂದಿನ ಟೆಸ್ಟ್‌ನಲ್ಲಿ ಟಿಎಸ್‌ಎಚ್ ದಿಢೀರ್ ಅಂತ 0.2. ನಡುಕ ಇಲ್ಲ, ಬೆವರು ಇಲ್ಲ, ಆರಾಮಾಗಿದ್ದೇನೆ. ಡಾಕ್ಟರ್ ಡೋಸ್ ಮುಟ್ಟಲಿಲ್ಲ. ಹೊಸದಾಗಿ ಏನಾದರೂ ತಗೊಳ್ತಿದ್ದೀರಾ ಅಂತ ಕೇಳಿದರು. ಕೆಲವು ಲ್ಯಾಬ್ ವಿಧಾನಗಳಲ್ಲಿ ಬಯೋಟಿನ್ ಟಿಎಸ್‌ಎಚ್ ಅನ್ನು ಸುಳ್ಳು ಸುಳ್ಳೇ ಕಡಿಮೆ ತೋರಿಸುತ್ತದೆಯಂತೆ. ನಿಲ್ಲಿಸಿ ವಾರ ಬಿಟ್ಟು ನೋಡಿದರೆ 2.9. ಟೆಸ್ಟ್‌ಗೆ ಮುಂಚೆ ಕನಿಷ್ಠ ಎರಡು ದಿನ ಅದನ್ನು ನಿಲ್ಲಿಸಿರಬೇಕು. ಕೂದಲು ಉದುರುವುದು ಆರು ತಿಂಗಳಿಗೆ ತಾನಾಗೇ ನಿಂತಿತು.

ಥೈರಾಯ್ಡ್ ತೊಂದರೆ ಇದ್ದರೆ ಎಲೆಕೋಸು, ಹೂಕೋಸು ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಬಿಟ್ಟಿಲ್ಲ. ಬೇಯಿಸಿ, ಹಿತಮಿತವಾಗಿ ತಿನ್ನಿ ಅಂತ ಡಾಕ್ಟರ್ ಅಂದಿದ್ದಾರೆ.

ಹೋದ ವರ್ಷ ತಂಗಿ ಫೋನ್ ಮಾಡಿದಳು. "ಅಕ್ಕ, ಎರಡು ತಿಂಗಳು. ಥೈರಾಯ್ಡ್ ಮಾತ್ರೆ ಮಗುವಿಗೆ ಏನಾದ್ರೂ ಮಾಡುತ್ತಾ? ನಿಲ್ಲಿಸಿದೀನಿ." ನನಗೆ ಕೈಕಾಲು ತಣ್ಣಗಾಯಿತು. ಮೊದಲ ತಿಂಗಳುಗಳಲ್ಲಿ ಮಗುವಿಗೆ ಅಮ್ಮನ ಹಾರ್ಮೋನೇ ಆಧಾರ. ಅದರ ಮೆದುಳು ಬೆಳೆಯಲು ಅದು ಬೇಕು. ಬಸುರಿನಲ್ಲಿ ಮಾತ್ರೆ ನಿಲ್ಲಿಸುವುದಲ್ಲ, ಬಹಳ ಮಂದಿಗೆ ಡೋಸ್ ಏರಿಸಬೇಕಾಗುತ್ತದೆ. ಅವತ್ತೇ ಡಾಕ್ಟರ್ ಹತ್ತಿರ ಹೋಗು ಅಂದೆ. ಸಂಜೆ ಮತ್ತೆ ಫೋನ್ ಮಾಡಿದಳು. ಮಾತ್ರೆ ಶುರುಮಾಡಿದ್ದಾರೆ, 75 ಇದ್ದದ್ದು 100 ಆಗಿದೆ, ನಾಲ್ಕು ವಾರಕ್ಕೊಮ್ಮೆ ಟೆಸ್ಟ್. ಮಗು ಫೆಬ್ರವರಿಯಲ್ಲಿ ಹುಟ್ಟಿತು, ಹೆಣ್ಣು. ಹಿಮ್ಮಡಿಯಿಂದ ರಕ್ತ ತೆಗೆದು ಅದಕ್ಕೂ ಥೈರಾಯ್ಡ್ ನೋಡಿದರು. ಸರಿ ಇದೆ.