ಎಷ್ಟು ಸೆಕೆಂಡಿಗೆ ಬಿಡಬೇಕು?

ಬೇಸಿಗೆ ಶಿಬಿರದಲ್ಲಿ ಈಜು ಕಲಿಸುವುದೇ ಬೇರೆ, ಸ್ಪರ್ಧೆಯ ಬ್ಯಾಚ್ ನಡೆಸುವುದೇ ಬೇರೆ. ಮೊದಲನೆಯದು ಹೊಟ್ಟೆಪಾಡಿಗೆ ದಾರಿ. ಎರಡನೆಯದರಲ್ಲಿ ದಿನವೂ ಎದುರಾಗುವ ಪ್ರಶ್ನೆ: 10 ಸಲ 100 ಮೀಟರ್ ಈಜುವ ಸೆಟ್ ಬರೆದೆ, ಸರಿ, ಒಂದು 100 ಶುರುವಾದ ಎಷ್ಟು ಸೆಕೆಂಡಿಗೆ ಮುಂದಿನದಕ್ಕೆ ಬಿಡಬೇಕು?

ಅಂದಾಜಿಗೆ ಬಿಡುವುದನ್ನು ನಾನು ನಿಲ್ಲಿಸಿ ಬಹಳ ಕಾಲವಾಯಿತು. ಚೆನ್ನಾಗಿ ವಾರ್ಮ್‌ಅಪ್ ಮಾಡಿಸಿ, ಡೈವ್ ಇಲ್ಲದೆ ಗೋಡೆ ಒದ್ದು ಹೊರಟು 400 ಮೀ. ಫ್ರೀಸ್ಟೈಲ್, ಪೂರ್ತಿ ಸುಧಾರಿಸಿಕೊಂಡ ಮೇಲೆ 200 ಮೀ. ಎರಡರ ವ್ಯತ್ಯಾಸದ ಅರ್ಧವೇ 100 ಮೀಟರಿಗೆ ಅವರು ಹಿಡಿದಿಡಬಲ್ಲ ವೇಗ. 400ಕ್ಕೆ 5:40, 200ಕ್ಕೆ 2:40 ಆದರೆ ವ್ಯತ್ಯಾಸ 180 ಸೆಕೆಂಡು, ಅರ್ಧ 1:30. ಆ ಮಗುವನ್ನು 1:40ಕ್ಕೆ ಬಿಡುತ್ತೇನೆ. 10 ಸೆಕೆಂಡು ವಿಶ್ರಾಂತಿ ಸಿಗುತ್ತದೆ.

ಇಲ್ಲೊಂದು ಮೋಸವಿದೆ. 200 ಅನ್ನು ಸೋಮಾರಿಯಾಗಿ ಈಜಿದರೆ ವ್ಯತ್ಯಾಸ ಕುಗ್ಗಿ, ಲೆಕ್ಕದಲ್ಲಿ ವೇಗ ಜಾಸ್ತಿ ಕಾಣುತ್ತದೆ. ಅದೇ ಮಗು 200ಕ್ಕೆ 2:52 ತೆಗೆದುಕೊಂಡಿದ್ದರೆ ಉತ್ತರ 1:24. ಆದರೆ 400ರ ಸರಾಸರಿಯೇ 1:25! ಸರಾಸರಿಗಿಂತ ವೇಗದ ಉತ್ತರ ಬಂದರೆ ಆ 200 ಅನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇನ್ನೊಂದು ದಿನ ಮತ್ತೆ ಮಾಡಿಸಿ. ಟೆಸ್ಟ್ ದಿನ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಹೋಗದಂತೆಯೂ ನೋಡಿ. ಹಿಂದೆ ಇರುವವನಿಗೆ ಮುಂದಿನವನ ನೀರಿನ ಸೆಳೆತ ಪುಕ್ಕಟೆ.

ಸೆಟ್ ನಡೆಯುವಾಗ ವಾಚಿನಷ್ಟೇ ಕೈಗಳನ್ನೂ ಎಣಿಸುತ್ತೇನೆ. ಶುರುವಿನಲ್ಲಿ 50 ಮೀಟರಿಗೆ 42 ಸ್ಟ್ರೋಕ್ ಇದ್ದದ್ದು ಏಳನೆಯ 100ರಲ್ಲಿ 47 ಆಗಿ, ಸಮಯ ಮಾತ್ರ 1:30 ಅಲ್ಲೇ ಇದ್ದರೆ, ಮೊಣಕೈ ಕುಸಿದು ನೀರು ಜಾರುತ್ತಿದೆ ಎಂದರ್ಥ. ಕೈ ಬೀಸಿ ಬೀಸಿ ಸಮಯ ಉಳಿಸಿಕೊಳ್ಳುತ್ತಿದ್ದಾರೆ. ಸತತ ಎರಡು ಸಲ ಮೂರು ಸೆಕೆಂಡು ನಿಧಾನವಾದರೆ ಸೆಟ್ ಅಲ್ಲಿಗೇ ನಿಲ್ಲಿಸಿ, 200 ಮೀ. ಆರಾಮವಾಗಿ ಈಜಿಸುತ್ತೇನೆ. ಹತ್ತೂ ಮುಗಿಸಲೇಬೇಕೆಂದು ಹಟ ಹಿಡಿಯುವ ಪೋಷಕರಿದ್ದಾರೆ. ಕೆಟ್ಟ ಸ್ಟ್ರೋಕಿನಲ್ಲಿ ಮುಗಿಸಿದ ಕೊನೆಯ ಮೂರು ಸಲವೇ ದೇಹಕ್ಕೆ ನೆನಪಿರುತ್ತದೆ.

ಇಷ್ಟೆಲ್ಲ ಮಾಡಿ ಟರ್ನ್‌ನಲ್ಲಿ, ಅಂದರೆ ಗೋಡೆ ಮುಟ್ಟಿ ತಿರುಗುವಾಗ, ಸಮಯ ಕಳೆದುಕೊಳ್ಳುವವರೇ ಹೆಚ್ಚು. 2021ರಲ್ಲಿ ರೋಮ್‌ನಲ್ಲಿ ಭಾರತದ ಈಜುಗಾರ ಸಾಜನ್ ಪ್ರಕಾಶ್ 200 ಮೀ. ಬಟರ್‌ಫ್ಲೈ 1:56.38ಕ್ಕೆ ಮುಗಿಸಿ ಟೋಕಿಯೊ ಒಲಿಂಪಿಕ್ಸ್‌ನ ‘ಎ’ ಮಾನದಂಡ (ನೇರ ಅರ್ಹತೆಯ ಸಮಯ) 1:56.48 ಅನ್ನು ದಾಟಿದ್ದು 0.10 ಸೆಕೆಂಡಿನಿಂದ. 50 ಮೀ. ಪೂಲಿನಲ್ಲಿ ಆ ರೇಸಿಗೆ ಮೂರು ಟರ್ನ್. ಒಂದು ಟರ್ನ್‌ನಲ್ಲಿ ಗೋಡೆಗೆ ಅರ್ಧ ಸ್ಟ್ರೋಕ್ ಹೆಚ್ಚು ತೇಲಿದರೂ ಅಷ್ಟು ಹೋಗಿಬಿಡುತ್ತದೆ.

ಬೆನ್ನ ಮೇಲೆ ಈಜುವ ಬ್ಯಾಕ್‌ಸ್ಟ್ರೋಕ್‌ನಲ್ಲಿ ಗೋಡೆಯಿಂದ 5 ಮೀಟರಿಗೆ ಕಟ್ಟಿದ ಬಾವುಟದ ಸಾಲಿನಿಂದ ಗೋಡೆಗೆ ಎಷ್ಟು ಕೈ ಎಂದು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅದನ್ನು ನಿಧಾನ ವೇಗದಲ್ಲಿ ಎಣಿಸಿಕೊಂಡರೆ ರೇಸಿನಲ್ಲಿ ತಲೆ ಗೋಡೆಗೆ. ರೇಸಿನ ವೇಗದಲ್ಲೇ ಎಣಿಸಿ; ಎತ್ತರ ಬೆಳೆಯುವ ವಯಸ್ಸಾದರೆ ಎರಡು ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಹೊಸ ಪೂಲಿಗೆ ಹೋದರೆ ಬಾವುಟದ ದೂರವನ್ನು ಟೇಪ್ ಹಿಡಿದು ಅಳೆದ ಮೇಲೆಯೇ ನಾನು ಮಕ್ಕಳನ್ನು ನೀರಿಗೆ ಇಳಿಸುವುದು.