ಲಾಬ್‌ಸ್ಟರ್ ಟೂ ಬೋಲ್ಡ್ ಇಟಾಲಿಕ್: ಅಂಗಡಿ ಬೋರ್ಡಿಗೆ ಹಾಕುವುದು ಹೇಗೆ?

ಬೇಕರಿ, ಜ್ಯೂಸ್ ಅಂಗಡಿ, ಬರ್ತ್‌ಡೇ ಬ್ಯಾನರ್‌ಗಳಲ್ಲಿ ದಪ್ಪಗೆ, ಬಲಕ್ಕೆ ವಾಲಿಕೊಂಡು, ಕೈಯಲ್ಲೇ ಬರೆದ ಹಾಗಿರುವ ಇಂಗ್ಲಿಷ್ ಅಕ್ಷರ ನೋಡಿರುತ್ತೀರಿ ಅಲ್ವಾ? ಅಂಥ ಫಾಂಟ್‌ಗಳಲ್ಲಿ ಲಾಬ್‌ಸ್ಟರ್ ತುಂಬಾ ಫೇಮಸ್. ಅರ್ಜೆಂಟೀನಾದ ಪಾಬ್ಲೋ ಇಂಪಲ್ಲಾರಿ 2010ರಲ್ಲಿ ಮಾಡಿದ್ದು. ಅದರಲ್ಲಿ ಒಂದೇ ಶೈಲಿ. ಆಮೇಲೆ ಬಂದ ಲಾಬ್‌ಸ್ಟರ್ ಟೂನಲ್ಲಿ ನಾಲ್ಕಿವೆ, ನಮಗೆ ಬೇಕಾದ್ದು ಬೋಲ್ಡ್ ಇಟಾಲಿಕ್, ಅಂದರೆ ದಪ್ಪಗೂ ಇದ್ದು ವಾಲಿಕೊಂಡೂ ಇರುವುದು. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ವ್ಯಾಪಾರಕ್ಕೂ ಬಳಸಬಹುದು.

ಇನ್‌ಸ್ಟಾಲ್ ಮಾಡುವಾಗ ನಾಲ್ಕೂ ಫೈಲ್ ಹಾಕಿ. ರೆಗ್ಯುಲರ್ ಒಂದನ್ನೇ ಹಾಕಿಕೊಂಡು ಬೋಲ್ಡ್ ಬಟನ್ ಒತ್ತಿದರೆ ಕೆಲವು ಸಾಫ್ಟ್‌ವೇರ್ ಸುಮ್ನೆ ಅಂಚಿಗೆ ಬಣ್ಣ ಬಳಿದು ದಪ್ಪ ಮಾಡಿಬಿಡುತ್ತವೆ, ಅಕ್ಷರದ ಹೊಟ್ಟೆಯೆಲ್ಲ ಮುಚ್ಚಿಹೋಗುತ್ತದೆ.

ಇಡೀ ಹೆಸರನ್ನು ಕ್ಯಾಪಿಟಲ್‌ನಲ್ಲಿ ಹಾಕಬೇಡಿ, ಓದಲಿಕ್ಕೇ ಆಗುವುದಿಲ್ಲ. ಅಕ್ಷರದ ನಡುವಿನ ಜಾಗ ಸೊನ್ನೆಯಲ್ಲೇ ಇರಲಿ, ಹಿಗ್ಗಿಸಿದರೆ ಒಂದಕ್ಕೊಂದು ಕೈ ಹಿಡಿದುಕೊಂಡಿರುವ ಅಕ್ಷರಗಳು ಬಿಟ್ಟುಹೋಗುತ್ತವೆ. ಹೆಸರು ಮಾತ್ರ ಇದರಲ್ಲಿ. ವಿಳಾಸ, ಫೋನ್ ನಂಬರ್ ಸಾದಾ ಫಾಂಟಿನಲ್ಲಿ.

ಈ ಫಾಂಟಿನಲ್ಲಿ ಕನ್ನಡ ಇಲ್ಲ. ಆದರೆ ನಮ್ಮ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲಿನ ಅರ್ಧದಲ್ಲಿ ಇರಬೇಕು ಎಂದು ಕರ್ನಾಟಕದ 2024ರ ಕಾಯ್ದೆ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಮೊದಲು ಕನ್ನಡ ಕೂರಿಸಿ, ಲಾಬ್‌ಸ್ಟರ್ ಕೆಳಗೆ ಬರಲಿ. ನಾನು ಬಳಸುವುದು ಬಾಲೂ ತಮ್ಮ 2 ಅನ್ನುವ ಕನ್ನಡ ಫಾಂಟ್, ದಪ್ಪ ಮತ್ತು ದುಂಡಗೆ ಇರುವುದರಿಂದ ಜೋಡಿ ಹೊಂದುತ್ತದೆ. ಇಂಗ್ಲಿಷ್ ವಾಲಿದೆ ಅಂತ ಕನ್ನಡವನ್ನೂ ಎಳೆದು ವಾಲಿಸಬೇಡಿ ಮಾರಾಯ್ರೇ! ತಲೆಕಟ್ಟು ಬಲಕ್ಕೆ ಹೋಗುತ್ತದೆ, ಕೆಳಗಿನ ಒತ್ತು ಎಡಕ್ಕೆ ಸರಿಯುತ್ತದೆ, 'ಕೃಷ್ಣ'ದ ಒತ್ತು ಯಾರದ್ದು ಅಂತ ಹುಡುಕಬೇಕು.

ಫ್ಲೆಕ್ಸ್ ಪ್ರಿಂಟ್ ಆದರೆ ಇಷ್ಟು ಸಾಕು. ಗಾಜಿಗೆ ಸ್ಟಿಕರ್ ಕಟಿಂಗ್ ಮಾಡಿಸುವುದಾದರೆ ಇನ್ನೊಂದು ಕೆಲಸ ಇದೆ. ನಾನು ಇದನ್ನು ಕಲಿತದ್ದು ಒಂದು ಮೀಟರ್ ವಿನೈಲ್ (ಸ್ಟಿಕರ್ ಹಾಳೆ) ಹಾಳು ಮಾಡಿಕೊಂಡ ಮೇಲೆ. ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಹೆಸರು ಟೈಪ್ ಮಾಡಿ, ಸ್ಪೆಲಿಂಗ್ ಎರಡು ಸಲ ನೋಡಿ (ಮುಂದೆ ತಿದ್ದಲು ಬರುವುದಿಲ್ಲ), ಆಮೇಲೆ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ, ಅಂದರೆ ಅಕ್ಷರಗಳು ಬರೀ ಗೆರೆಗಳ ಚಿತ್ರವಾಗುತ್ತವೆ. ಒಂದು ಅಕ್ಷರದ ಬಾಲ ಇನ್ನೊಂದರ ಮೇಲೆ ಏರಿರುವ ಕಡೆ ಪ್ಲಾಟರ್ (ಸ್ಟಿಕರ್ ಕತ್ತರಿಸುವ ಮಷಿನ್) ಎರಡೂ ಗೆರೆ ಕತ್ತರಿಸುತ್ತದೆ, ಹೆಸರು ಚೂರುಚೂರಾಗಿ ಎದ್ದುಬರುತ್ತದೆ. ಅದಕ್ಕೆ ಅಕ್ಷರಗಳನ್ನು ಬಿಡಿಬಿಡಿ ಮಾಡಿಕೊಂಡು (ಒಂದೊಂದರ ಹೊಟ್ಟೆಯ ತೂತು ಆ ಅಕ್ಷರದ ಜೊತೆಗೇ ಇರಲಿ, ಬೇರೆಯಾದರೆ ಮುಚ್ಚಿಹೋಗುತ್ತದೆ), ಎಲ್ಲವನ್ನೂ ಸೆಲೆಕ್ಟ್ ಮಾಡಿ ವೆಲ್ಡ್ ಕೊಡಿ, ಎಲ್ಲ ಬೆಸೆದು ಒಂದೇ ಆಕಾರ ಆಗುತ್ತದೆ. ಪಕ್ಕದ ಕಂಬೈನ್ ಆಜ್ಞೆ ಅಲ್ಲ, ಅದು ಏರಿರುವ ಜಾಗದಲ್ಲಿ ತೂತು ಬಿಡುತ್ತದೆ. ವೆಲ್ಡ್ ಆದಮೇಲೆ ವೈರ್‌ಫ್ರೇಮ್‌ನಲ್ಲಿ (ಬಣ್ಣ ಇಲ್ಲದೆ ಬರೀ ಗೆರೆ ತೋರಿಸುವ ನೋಟ) ನೋಡಿ. ಗೆರೆ ಮೇಲೆ ಗೆರೆ ದಾಟಿದ್ದು ಎಲ್ಲೂ ಕಾಣದಿದ್ದರೆ ಕಟಿಂಗಿಗೆ ಕಳಿಸಿ.