ಅರ್ಧ ಟನ್ನಿನ ಕಾರನ್ನು ಸಾಕುವುದು ಹೇಗೆ?

ಇಂಗ್ಲೆಂಡಿನ ಲೋಟಸ್ ಕಂಪನಿ 1957ರಲ್ಲಿ ‘ಸೆವೆನ್’ ಎಂಬ ಎರಡು ಸೀಟಿನ ಕಾರನ್ನು ಹೊರತಂದಾಗ, ಅದನ್ನು ಬಿಡಿಭಾಗಗಳ ರೂಪದಲ್ಲಿಯೇ ಕೊಂಡು ಮನೆಯ ಶೆಡ್ಡಿನಲ್ಲಿ ಜೋಡಿಸಿಕೊಳ್ಳುವ ಅವಕಾಶವಿತ್ತು. ಹಾಗೆ ಕೊಂಡವರ ಮೇಲೆ ಹೊಸ ಕಾರಿನ ಖರೀದಿ ತೆರಿಗೆ ಬೀಳುತ್ತಿರಲಿಲ್ಲವಾದ್ದರಿಂದ ಸಾಮಾನ್ಯ ಸಂಬಳದವರೂ ಸ್ಪೋರ್ಟ್ಸ್ ಕಾರಿನ ಒಡೆಯರಾದರು. ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟು, ಅದರ ಮೇಲೆ ತೆಳು ಅಲ್ಯೂಮಿನಿಯಂ ತಗಡು, ಮುಂದೆ ಒಂದು ಸಾಧಾರಣ ಫೋರ್ಡ್ ಎಂಜಿನ್. ಒಟ್ಟು ತೂಕ ಸುಮಾರು ಅರ್ಧ ಟನ್ನು. 1973ರಲ್ಲಿ ಈ ಮಾದರಿಯ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಆ ಕಂಪನಿ 2013ರಲ್ಲಿ ಸುಜುಕಿಯ 660 ಸಿಸಿ ಎಂಜಿನ್ನನ್ನೇ ಕೂರಿಸಿ 500 ಕಿಲೋಗೂ ಕಡಿಮೆ ತೂಗುವ ಕಾರನ್ನು ಮಾಡಿ ತೋರಿಸಿತು.

ನಮ್ಮಲ್ಲಿ ಈ ಜಾತಿಗೆ ಹತ್ತಿರ ಬರುವ ಕಾರೆಂದರೆ ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ ಗೋವಾದಲ್ಲಿ ತಯಾರಿಸಿದ ‘ಸ್ಯಾನ್ ಸ್ಟಾರ್ಮ್’. ಫೈಬರ್ ಗ್ಲಾಸಿನ ಮೈ, ಎರಡೇ ಸೀಟು, ರೆನೊ ಕಂಪನಿಯ 1,149 ಸಿಸಿ ಎಂಜಿನ್. ಇದು ಬಿಡಿಭಾಗಗಳನ್ನು ಕೊಂಡು ಜೋಡಿಸಿಕೊಳ್ಳುವ ಕಿಟ್ ಕಾರಲ್ಲ, ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದದ್ದು. ಆದರೂ ಕೈಯಿಂದ ಕಟ್ಟಿದ ಕಾರಿನ ಗುಣದೋಷಗಳೆಲ್ಲ ಇದರಲ್ಲಿವೆ. ತಯಾರಿಕೆ ನಿಂತು ವರ್ಷಗಳಾಗಿರುವುದರಿಂದ ಇಂತಹ ಕಾರನ್ನು ಕೊಳ್ಳುವವರು ಷೋರೂಮಿನ ಸರ್ವಿಸ್ ಸೆಂಟರನ್ನು ಮರೆತು, ಪಾನಾ ಹಿಡಿಯುವುದನ್ನು ಕಲಿಯಬೇಕಾಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳಲ್ಲಿ ಇದ್ದುಕೊಂಡು ಅಂತಹ ಕಾರನ್ನು ಇಟ್ಟುಕೊಳ್ಳಬಯಸುವವರಿಗಾಗಿ ಈ ಲೇಖನ.

ಮೊದಲು ಕಾಗದ ಪತ್ರ

ಇಂಟರ್‌ನೆಟ್ಟಿನಲ್ಲಿ ನಕ್ಷೆ ಇಳಿಸಿಕೊಂಡು, ಹಳೆಯ ಓಮ್ನಿಯ ಎಂಜಿನ್ನು ಮತ್ತು ಗೇರ್‌ಬಾಕ್ಸನ್ನು ಗುಜರಿಯಿಂದ ತಂದು, ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಬೆಸೆಯಿಸಿಕೊಂಡು ಸ್ವಂತ ಕಾರು ಕಟ್ಟಬಹುದು, ಕಟ್ಟಿದವರೂ ಇದ್ದಾರೆ. ಆದರೆ ಅದನ್ನು ಸಾರ್ವಜನಿಕ ರಸ್ತೆಗೆ ಇಳಿಸುವುದು ಬೇರೆಯೇ ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ತಯಾರಕರು ಹೊಸ ವಾಹನದ ಮೂಲಮಾದರಿಯನ್ನು ಪುಣೆಯ ಎಆರ್‌ಎಐನಂತಹ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಒಂದೇ ಒಂದು ಕಾರು ಕಟ್ಟಿದ ವ್ಯಕ್ತಿಗೆ ಆ ಖರ್ಚು ಎಟುಕುವಂಥದ್ದಲ್ಲ. ಹಾಗೆಂದು ಹಳೆಯ ಕಾರಿನ ಚಾಸಿ ನಂಬರನ್ನೂ ಆರ್‌ಸಿಯನ್ನೂ ಹೊಸ ಚೌಕಟ್ಟಿಗೆ ಅಂಟಿಸುವುದು ನೇರ ಅಪರಾಧ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಆದ್ದರಿಂದ ದಾರಿ ಎರಡೇ. ಆರ್‌ಸಿ ಇರುವ, ಕಾರ್ಖಾನೆಯಿಂದ ಬಂದ ಅಥವಾ ಸರಿಯಾಗಿ ಆಮದಾದ ಕಾರನ್ನು ಕೊಂಡು ರಸ್ತೆಯಲ್ಲಿ ಓಡಿಸುವುದು ಒಂದು. ಸ್ವಂತ ಕೈಯಿಂದ ಕಟ್ಟಿ, ಲಾರಿಯ ಮೇಲೆ ಹೇರಿಕೊಂಡು ಹೋಗಿ ರೇಸ್ ಟ್ರ್ಯಾಕಿನಲ್ಲಿ ಮಾತ್ರ ಓಡಿಸುವುದು ಇನ್ನೊಂದು. ಇವೆರಡರ ನಡುವಿನ ದಾರಿಯನ್ನು ಸೂಚಿಸುವ ಬ್ರೋಕರ್‌ಗಳಿಂದ ದೂರವಿರುವುದು ಒಳ್ಳೆಯದು.

ರಸ್ತೆಯ ಕಾರಾದರೆ ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಕಾರಿನ ಮೇಲಿನ ಕೆತ್ತನೆಯೊಂದಿಗೆ ಖುದ್ದಾಗಿ ಹೋಲಿಸಿ ನೋಡಬೇಕು. ಕಾರು ಹೊರರಾಜ್ಯದ್ದಾಗಿದ್ದರೆ ಅಲ್ಲಿನ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಕಾರಿನ ವಯಸ್ಸಿಗೆ ಅನುಗುಣವಾದ ಜೀವಾವಧಿ ತೆರಿಗೆ ಕಟ್ಟಬೇಕು, ಆಮೇಲೆ ಕೆಎ-40, ಕೆಎ-07 ಅಥವಾ ಕೆಎ-06ರ ಹೊಸ ನಂಬರು ಸಿಗುತ್ತದೆ. ನೋಂದಣಿಯಾಗಿ 15 ವರ್ಷ ದಾಟಿದ್ದರೆ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ವಿಮೆಯ ವಿಷಯದಲ್ಲಿ ಹೆಚ್ಚಿನವರಿಗೆ ತಿಳಿಯದ ಅನುಕೂಲವೊಂದಿದೆ: ಐದು ವರ್ಷ ಮೀರಿದ ಅಥವಾ ತಯಾರಿಕೆ ನಿಂತ ಮಾದರಿಗಳ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಪರಸ್ಪರ ಮಾತನಾಡಿ ನಿಗದಿಪಡಿಸಿಕೊಳ್ಳಬಹುದು. ಕಾರಿನ ಫೋಟೊ, ದುರಸ್ತಿಯ ಬಿಲ್ಲುಗಳನ್ನು ಜೋಡಿಸಿಟ್ಟುಕೊಂಡು ಹೋದರೆ ಮಾತುಕತೆಗೆ ಬಲ ಬರುತ್ತದೆ.

ಕೊಳ್ಳುವ ಮುನ್ನ ಎಲ್ಲಿ ನೋಡಬೇಕು?

ಫೈಬರ್ ಮೈಗೆ ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ನಿಜ. ಅದರ ಅಡಿಯಲ್ಲಿರುವ ಉಕ್ಕಿಗೆ ಹಿಡಿಯುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಕೊಳವೆ ಚೌಕಟ್ಟಿನಲ್ಲಿ ನೀರು ಒಳಗೆ ಸೇರಿ ಒಳಗಿನಿಂದಲೇ ತಿನ್ನುತ್ತಾ ಬಂದರೆ ಹೊರಗಿನ ಬಣ್ಣ ಕೊನೆಯವರೆಗೂ ಹೊಳೆಯುತ್ತಲೇ ಇರುತ್ತದೆ. ಆದ್ದರಿಂದ ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಕೆಳಭಾಗದ ಕೊಳವೆಗಳನ್ನೂ ಬೆಸುಗೆಯ ಸಂದುಗಳನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾ ಹೋಗಬೇಕು. ಗಟ್ಟಿ ಉಕ್ಕು ಖಣಿಲೆಂದು ಸದ್ದು ಮಾಡುತ್ತದೆ, ತುಕ್ಕು ತಿಂದ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಸಸ್ಪೆನ್ಷನ್ ತೋಳುಗಳು ಚೌಕಟ್ಟಿಗೆ ಸೇರುವಲ್ಲಿ ಕೂದಲೆಳೆಯಂತಹ ಬಿರುಕು ಕಂಡರೂ ಆ ಕಾರನ್ನು ಬಿಟ್ಟು ಬರುವುದೇ ವಿವೇಕ.

ಎರಡನೆಯದು ವಿದ್ಯುತ್ ವ್ಯವಸ್ಥೆ. ತಗಡಿನ ಕಾರಿನಲ್ಲಿ ಬ್ಯಾಟರಿಯ ಅರ್ತ್ ಕೆಲಸವನ್ನು ಕಾರಿನ ಮೈಯೇ ಮಾಡುತ್ತದೆ. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲವಾದ್ದರಿಂದ ಪ್ರತಿ ದೀಪಕ್ಕೂ ಪ್ರತಿ ಮೋಟಾರಿಗೂ ಅರ್ತ್ ತಂತಿ ಬೇರೆಯಾಗಿ ಎಳೆದಿರುತ್ತಾರೆ. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುವುದು, ಬ್ರೇಕ್ ಒತ್ತಿದರೆ ಪೆಟ್ರೋಲ್ ಮುಳ್ಳು ಅಲ್ಲಾಡುವುದು ಮುಂತಾದ ವಿಚಿತ್ರ ತೊಂದರೆಗಳಿಗೆಲ್ಲ ಹತ್ತರಲ್ಲಿ ಎಂಟು ಸಲ ಕಾರಣ ಈ ಅರ್ತ್ ಸಂದುಗಳಲ್ಲಿನ ತುಕ್ಕು. ಉಪ್ಪುಕಾಗದದಿಂದ ಉಜ್ಜಿ, ನಟ್ಟು ಬಿಗಿದು, ಮೇಲೆ ವ್ಯಾಸಲಿನ್ ಸವರಿದರೆ ಸಾಕು.

ತೂಕ ಹಾಕಿಸಿ

ಕಲ್ಲು, ಜಲ್ಲಿ, ತರಕಾರಿ ಲಾರಿಗಳಿಗಾಗಿ ನಮ್ಮ ಮೂರೂ ಜಿಲ್ಲೆಗಳ ಹೆದ್ದಾರಿ ಬದಿಯಲ್ಲಿ ವೇಬ್ರಿಡ್ಜ್‌ಗಳಿಗೆ ಬರವಿಲ್ಲ. ಅಂತಹ ಒಂದಕ್ಕೆ ಕಾರನ್ನು ಒಯ್ದು, ಮೊದಲು ಇಡೀ ಕಾರನ್ನು, ಆಮೇಲೆ ಮುಂದಿನ ಎರಡು ಚಕ್ರಗಳನ್ನು ಮಾತ್ರ ತಟ್ಟೆಯ ಮೇಲಿಟ್ಟು ಚೀಟಿ ಬರೆಸಿಕೊಳ್ಳಿ. ಲಾರಿ ತೂಗುವ ಯಂತ್ರವಾದ್ದರಿಂದ ಐದು ಹತ್ತು ಕಿಲೋ ಅತ್ತಿತ್ತ ಆಗಬಹುದು, ನಮ್ಮ ಕೆಲಸಕ್ಕೆ ಅಷ್ಟು ನಿಖರತೆ ಸಾಕು. ಆರ್‌ಸಿಯಲ್ಲಿ ನಮೂದಿಸಿದ ಖಾಲಿ ತೂಕಕ್ಕಿಂತ ಕಾರು ಗಣನೀಯವಾಗಿ ಭಾರವಾಗಿದ್ದರೆ ಹಿಂದಿನ ಮಾಲೀಕರು ಸ್ಪೀಕರ್ ಪೆಟ್ಟಿಗೆ, ದಪ್ಪ ಗಾಲಿ, ಅಡಿಗೆ ಕಬ್ಬಿಣದ ತಗಡು ಎಂದು ಏನೇನೋ ಸೇರಿಸಿದ್ದಾರೆಂದು ಅರ್ಥ. ಅವನ್ನೆಲ್ಲ ಬಿಚ್ಚಿ ತೆಗೆಯಿರಿ. 60 ಅಶ್ವಶಕ್ತಿಯ ಕಾರು ಚುರುಕಾಗಿ ಓಡುವುದು ಎಂಜಿನ್ನಿನ ಬಲದಿಂದಲ್ಲ, ತೂಕ ಇಲ್ಲದಿರುವುದರಿಂದ. ತೂಕ ಕಡಿಮೆಯಾದಷ್ಟೂ ಬ್ರೇಕು ಬೇಗ ಹಿಡಿಯುತ್ತದೆ, ಟೈರು ಬಹುಕಾಲ ಬಾಳುತ್ತದೆ, ತಿರುವಿನಲ್ಲಿ ಹೊರಕ್ಕೆ ಎಳೆಯುವ ಬಲವೂ ಕಡಿಮೆಯಾಗುತ್ತದೆ. ಎಂಜಿನ್ನಿಗೆ ಹಣ ಸುರಿಯುವ ಮುನ್ನ ಈ ಚೀಟಿಯನ್ನು ಒಮ್ಮೆ ನೋಡಬೇಕು.

ನಿರ್ವಹಣೆ

ಬೋಲ್ಟುಗಳಿಂದ ಕಟ್ಟಿದ ಕಾರು ಬೋಲ್ಟುಗಳಲ್ಲೇ ಸಡಿಲವಾಗುತ್ತದೆ. ಚಕ್ರದ ನಟ್ಟು, ಸಸ್ಪೆನ್ಷನ್, ಸ್ಟೀರಿಂಗ್ ಮತ್ತು ಸೀಟಿನ ಬೋಲ್ಟುಗಳನ್ನು ತಯಾರಕರು ಹೇಳಿದ ಅಳತೆಗೆ ಟಾರ್ಕ್ ವ್ರೆಂಚಿನಿಂದ (ಬಿಗಿತವನ್ನು ಅಳೆಯುವ ಪಾನಾ) ಬಿಗಿದು, ಬೋಲ್ಟಿನ ತಲೆಯಿಂದ ಚೌಕಟ್ಟಿನವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ ಎಂದು ಕಣ್ಣಳತೆಯಲ್ಲೇ ತಿಳಿಯುತ್ತದೆ. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಸುಮಾರು 80 ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಟೈರಿನ ಗಾಳಿಯನ್ನು ಪೆಟ್ರೋಲ್ ಬಂಕಿನ ಹುಡುಗನ ಅಂದಾಜಿಗೆ ಬಿಡಬಾರದು. ಸಾಮಾನ್ಯ ಕಾರಿನ 32 ಪಿಎಸ್‌ಐ ತುಂಬಿದರೆ ಹಗುರ ಕಾರಿನ ಟೈರು ನೆಲಕ್ಕೆ ಪೂರ್ತಿ ಕೂರುವುದೇ ಇಲ್ಲ. ಸೆವೆನ್ ಮಾದರಿಗಳಲ್ಲಿ 18ರಿಂದ 20 ಪಿಎಸ್‌ಐ ರೂಢಿ. ನಿಮ್ಮ ಕಾರಿನ ಕೈಪಿಡಿಯಲ್ಲಿ ಏನಿದೆಯೋ ಅದೇ ಅಂತಿಮ. ಈ ಕಾರುಗಳ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಆರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಆಳವಿದ್ದರೂ ಬದಲಾಯಿಸುವುದು ಲೇಸು.

ರೇಡಿಯೇಟರಿಗೆ ಕೊಳವೆಬಾವಿ ನೀರು ಹಾಕುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿಗೂ ಕೆಳಗಿನಿಂದ ಬರುವ ಆ ಗಡಸು ನೀರು ಮನೆಯ ಪಾತ್ರೆಗೆ ಬಿಳಿ ಪೊರೆ ಕಟ್ಟಿಸುವ ಹಾಗೆಯೇ ರೇಡಿಯೇಟರಿನ ಸಣ್ಣ ನಾಳಗಳಿಗೂ ಕಟ್ಟಿಸುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬೆರೆಸಿ ಹಾಕುವುದು ಸರಿಯಾದ ಕ್ರಮ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಕಾರು ನಿಂತೇ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಪೆಟ್ರೋಲಿನ ಪ್ರಶ್ನೆ ಈಚಿನದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳು ಅದರಿಂದ ಊದಿಕೊಂಡು ಬಿರಿಯುತ್ತವೆ, ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರೂ ಸೇರುತ್ತದೆ. ಎಥೆನಾಲ್ ತಡೆಯುವ ಹೊಸ ಪೈಪುಗಳನ್ನು ಹಾಕಿಸುವುದು ದೊಡ್ಡ ಖರ್ಚಲ್ಲ. ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಫೈಬರ್ ಮೈ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ನೆನೆದರೆ ಇದನ್ನು ಮುಂದೂಡಲು ಮನಸ್ಸಾಗದು. ಕೈಗೆ ಎಟಕುವಂತೆ ಒಂದು ಕಿಲೋದ ಅಗ್ನಿಶಾಮಕವನ್ನೂ ಇಟ್ಟುಕೊಳ್ಳಿ.

ಫೈಬರ್ ದುರಸ್ತಿಯನ್ನು ಡೆಂಟಿಂಗ್ ಅಂಗಡಿಗಿಂತ ನೀರಿನ ತೊಟ್ಟಿ, ಗೋಪುರದ ಮಾದರಿ ಮಾಡುವ ಫೈಬರ್ ಕೆಲಸಗಾರರೇ ಚೆನ್ನಾಗಿ ಬಲ್ಲರು. ಸಣ್ಣ ಬಿರುಕಾದರೆ ನೀವೇ ಮಾಡಬಹುದು. ಬಿರುಕಿನ ಸುತ್ತ ಅಂಗೈಯಗಲ ಜಾಗವನ್ನು 80 ನಂಬರಿನ ಉಪ್ಪುಕಾಗದದಿಂದ ಇಳಿಜಾರಾಗಿ ಉಜ್ಜಿ, ಒಳಮಗ್ಗುಲಿನಿಂದ ಗಾಜಿನ ನಾರಿನ ಮ್ಯಾಟನ್ನು ರೆಸಿನ್ ಎಂಬ ಅಂಟುದ್ರವದಲ್ಲಿ ನೆನೆಸಿ ಎರಡು ಮೂರು ಪದರ ಕೂರಿಸಿ, ಬ್ರಷ್ಷಿನಿಂದ ಕುಟ್ಟುತ್ತಾ ಗಾಳಿಗುಳ್ಳೆಗಳನ್ನು ಹೊರಗಟ್ಟಬೇಕು. ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡ್‌ನರ್ ಪ್ರಮಾಣ ಶೇ 1ರಿಂದ 2. ಏಪ್ರಿಲ್ ಬಿಸಿಲಿನಲ್ಲಿ ಶೇ 1 ಮೀರಿದರೆ ಬಟ್ಟಲಿನಲ್ಲೇ ಗಟ್ಟಿಯಾಗಿಬಿಡುತ್ತದೆ. ಹೊರಗಿನ ಪುಟ್ಟಿ, ಬಣ್ಣ ಎಲ್ಲ ಆಮೇಲಿನ ಮಾತು. ಒಳಗೆ ಬಲ ಕೊಡದೆ ಹೊರಗೆ ಪುಟ್ಟಿ ಮೆತ್ತಿದರೆ ಮುಂದಿನ ರಸ್ತೆ ಉಬ್ಬಿಗೇ ಬಿರುಕು ಮರಳಿ ಬರುತ್ತದೆ. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಡುಕು, ಮಾಸ್ಕ್ ತಪ್ಪಿಸಬೇಡಿ.

ರಸ್ತೆಯಲ್ಲಿ

ಇಂತಹ ಹಗುರ ಕಾರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿಯದಂತೆ ತಡೆಯುವ ಎಬಿಎಸ್ ಆಗಲಿ, ಏರ್‌ಬ್ಯಾಗ್ ಆಗಲಿ ಇರುವುದಿಲ್ಲ. ಬ್ರೇಕನ್ನು ಗಾಬರಿಯಿಂದ ತುಳಿದರೆ ಚಕ್ರ ಬಿಗಿದುಕೊಂಡು ಕಾರು ಜಾರುತ್ತದೆ. ಬೆಳಗಿನ ಹೊತ್ತು ಜನರಿಲ್ಲದ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, 40 ಕಿಲೋಮೀಟರ್ ವೇಗದಿಂದ ಕ್ರಮೇಣ ಒತ್ತಡ ಹೆಚ್ಚಿಸುತ್ತಾ ಚಕ್ರ ಎಲ್ಲಿ ಬಿಗಿಯುತ್ತದೆ ಎಂಬುದನ್ನು ಕಾಲಿಗೆ ಪರಿಚಯ ಮಾಡಿಸಬೇಕು.

ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಊರವರು ರಾತ್ರೋರಾತ್ರಿ ಹಾಕಿಸುವ ಹಂಪುಗಳಿಗೆ ಆ ಮಾನದಂಡದ ಪರಿಚಯವಿಲ್ಲ. ಅವುಗಳ ಮೇಲೆ ನೇರವಾಗಿ ಹೋಗದೆ, ಎದುರು ವಾಹನವಿಲ್ಲದಾಗ ಓರೆಯಾಗಿ ಒಂದೊಂದೇ ಚಕ್ರ ಹತ್ತುವಂತೆ ದಾಟಿಸಿದರೆ ಹೊಟ್ಟೆ ತಾಗುವುದಿಲ್ಲ.

ಟಿಪ್ಪರ್ ಚಾಲಕನಿಗೆ ಸೊಂಟದೆತ್ತರದ ಕಾರು ಕಾಣುವುದೇ ಇಲ್ಲ, ಅದರಲ್ಲೂ ಅವನ ಎಡಬದಿಯಲ್ಲಿದ್ದರೆ. ಹಗಲಿನಲ್ಲೂ ಹೆಡ್‌ಲೈಟ್ ಉರಿಸಿಕೊಂಡು, ಅವನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣುವಷ್ಟು ಹಿಂದೆ ಉಳಿಯಬೇಕು. ಕ್ರಷರುಗಳ ಬಳಿ ಉದುರಿದ ಜಲ್ಲಿಯ ಮೇಲೆ ಹಗುರ ಕಾರು ಬೇಗ ತೇಲುತ್ತದೆ. ಅಲ್ಲಿ ಬ್ರೇಕೂ ಬೇಡ, ಸ್ಟೀರಿಂಗ್ ತಿರುವುವುದೂ ಬೇಡ.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಅಪಾಯವಿದೆ. ಹುರುಳಿ, ರಾಗಿಯನ್ನು ವಾಹನಗಳಿಂದಲೇ ಒಕ್ಕಣೆಯಾಗಲೆಂದು ರಸ್ತೆಗೆ ಹರಡಿರುತ್ತಾರೆ. ಹುರುಳಿಯ ಬಳ್ಳಿ ತಿರುಗುವ ಆಕ್ಸಲಿಗೆ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿಕೊಂಡರೆ ಕಾರು ಉಳಿಯುವುದಿಲ್ಲ. ಎತ್ತರದ ಕಾರುಗಳೇ ಹೀಗೆ ಸುಟ್ಟಿರುವಾಗ ನೆಲಕ್ಕಂಟಿದ ಕಾರಿನ ಮಾತೇನು. ಸುತ್ತುದಾರಿ ಹಿಡಿಯಿರಿ. ಇಲ್ಲವಾದರೆ ಇಳಿದು, ರೈತರಿಗೆ ಹೇಳಿ, ಒಂದು ಬದಿ ಸರಿಸಿಕೊಂಡು ದಾಟಿ.

ಇನ್ನು ನಂದಿ ಬೆಟ್ಟ. 1,478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳು ಹಗುರ ಕಾರಿಗೆಂದೇ ಮಾಡಿದಂತಿವೆ, ಆದರೆ ಭಾನುವಾರದ ನಸುಕಿನಲ್ಲಿ ಅಲ್ಲಿ ಕಾರು ಓಡುವುದಿಲ್ಲ, ತೆವಳುತ್ತದೆ. ವಾರದ ನಡುವಿನ ದಿನ ಹೋಗಿ. ಹತ್ತುವಾಗ ತಿರುವಿಗೆ ಮೊದಲೇ ಬ್ರೇಕು, ಗೇರು ಎರಡೂ ಮುಗಿದಿರಬೇಕು. ತಿರುವಿನ ಒಳಗೆ ಸ್ಟೀರಿಂಗ್ ಮತ್ತು ಹದವಾದ ಆಕ್ಸಿಲರೇಟರ್ ಮಾತ್ರ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿದು ಬ್ರೇಕಿಗೆ ಬಿಡುವು ಕೊಡಿ. ಇಕ್ಕಟ್ಟಿನಲ್ಲಿ ಹತ್ತುವ ವಾಹನಕ್ಕೇ ಮೊದಲ ಹಕ್ಕು.

ವೇಗದ ಚಪಲ ತೀರಿಸಿಕೊಳ್ಳಲು ಹೆದ್ದಾರಿ 44 ಅಥವಾ 75 ಜಾಗವಲ್ಲ. ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕು ಕೋಲಾರದಿಂದ ಅರ್ಧ ದಿನದೊಳಗಿನ ಪ್ರಯಾಣ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ತುಸು ದೂರ. ಟ್ರ್ಯಾಕಿನಲ್ಲಿ ನಾಲ್ಕೈದು ಸುತ್ತಾದ ಮೇಲೆ ಒಂದು ಸುತ್ತು ನಿಧಾನವಾಗಿ ಬ್ರೇಕ್ ಮುಟ್ಟದೆ ಬಂದು, ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿ ನಿಲ್ಲಿಸಿ. ಕಾದ ಬ್ರೇಕ್ ಡಿಸ್ಕಿಗೆ ಪ್ಯಾಡು ಒತ್ತಿಕೊಂಡಿದ್ದರೆ ಡಿಸ್ಕು ಸೊಟ್ಟಗಾಗುತ್ತದೆ. ಅದೇ ಕಾರಿನಲ್ಲಿ ಊರಿಗೆ ಮರಳುವುದಾದರೆ ಹೊರಡುವ ಮುನ್ನ ಚಕ್ರದ ನಟ್ಟು, ಎಂಜಿನ್ ಆಯಿಲ್ ಮತ್ತು ಪ್ಯಾಡಿನ ದಪ್ಪ ನೋಡಿ. ಪ್ಯಾಡು ಮೂರು ಮಿಲಿಮೀಟರಿಗಿಂತ ತೆಳುವಾಗಿದ್ದರೆ ಡಿಕ್ಕಿಯಲ್ಲಿ ತಂದ ಹೊಸ ಜೋಡಿಯನ್ನು ಅಲ್ಲಿಯೇ ಹಾಕಿಕೊಂಡು ಹೊರಡಬೇಕು.